ಬಾವಿಯ ಜಾಲರಿ

ಆ ರಾತ್ರಿ ಅಣ್ಣ ತನ್ನ ಕೆಲಸದ ಶೆಡ್ಡಿನಿಂದ ಮನೆಗೆ ಹೊರಟಾಗ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಣ್ಣ ಅಂದರೆ ನಮ್ಮ ದೊಡ್ಡಪ್ಪನ ಮಗ, ಪಕ್ಕದ ಮನೆಯವನು. ಮೊದಲು ಕಿಟಕಿಗಳಿಗೆ ಸೊಳ್ಳೆ ಜಾಲರಿ ಹೊಡೆಯುತ್ತಿದ್ದ. ಆಮೇಲೆ ತಂತಿ ಜಾಲರಿಯನ್ನೇ ಬಗ್ಗಿಸಿ, ಹೊಲಿದು ಮನುಷ್ಯರನ್ನು ಮಾಡುವ ಶಿಲ್ಪಿಯಾದ. "ಸೊಳ್ಳೆ ತಡೆಯೋದು ಬಿಟ್ಟು ಸೊಳ್ಳೆಗೇ ಮನೆ ಕಟ್ಟಿಕೊಡ್ತಿದ್ದೀಯ" ಅಂತ ಆಡಿಕೊಂಡಿದ್ದೆ. ಈಗ ಆಡಿಕೊಳ್ಳಲ್ಲ.

ಮೊದಲ ಪ್ರದರ್ಶನಕ್ಕೆ ಒಬ್ಬ ಹೆಂಗಸನ್ನು ಮಾಡಿದ್ದ. ಹೊಸ ಜಾಲರಿ ಪಳಪಳ ಹೊಳೆಯುತ್ತದೆ, ಮೈಬಣ್ಣ ಬರಲ್ಲ ಅಂತ, ಓಣಿಯ ಬಾವಿಗೆ ಮುಚ್ಚಿದ್ದ ತುಕ್ಕು ಜಾಲರಿಯನ್ನೇ ಕತ್ತರಿಸಿ ತಂದಿದ್ದ. ಹಿಂದೆ ಒಬ್ಬಳು ಬಿದ್ದು ಸತ್ತ ಮೇಲೆ ಹಾಕಿದ್ದ ಜಾಲರಿ ಅದು.

"ಅಣ್ಣಾ, ಕಟ್ಟೆ ಮೊಣಕಾಲುದ್ದ ಇಲ್ಲ. ಮಕ್ಕಳು ಓಡಾಡ್ತಾವೆ."

"ನಾಳೆ ಹೊಸದು ಹೊಡಿತೀನಿ, ಸುಮ್ಮನಿರೇ."

ಅವನ ನಾಳೆ ಬಂದದ್ದು ಯಾವಾಗ?

ಅವತ್ತು ಅತ್ತಿಗೆಗೆ ರಾತ್ರಿ ಪಾಳಿ. ಇವನು ಮಗಳನ್ನು ಮಲಗಿಸಿ, ಬಾಗಿಲು ಒರಗಿಸಿ ಶೆಡ್ಡಿಗೆ ಹೋಗಿದ್ದ. ವಾಪಸ್ ಬರುವಾಗ ಬಾವಿಯ ಹತ್ತಿರ... ಕಿರ್ರ್... ಟಿಣ್. ಜಾಲರಿಗೆ ಭಾರ ಬಿದ್ದರೆ ಬರುವ ಸದ್ದು. ಟಾರ್ಚ್ ಹಾಕಿದ. ನೋಡಿದ. ನಮ್ಮ ಬಾಗಿಲಿಗೆ ಓಡಿ ಬಂದ.

"ಏಳೇ... ಮೆತ್ತಗೆ ಬಾ."

"ಏನಾಯ್ತು?"

"ಪಾಪು... ಬಾವೀಲಿ..."

"ಒಳಗಾ?"

"ಮೇಲೆ."

ಶೆಡ್ಡಿನಲ್ಲಿ ನಿಂತಿರಬೇಕಾದ ಜಾಲರಿ ಹೆಂಗಸು ಬಾವಿಗೆ ಅಡ್ಡವಾಗಿ ಅಂಗಾತ ಮಲಗಿದ್ದಳು. ತಲೆ ಈ ಕಟ್ಟೆಗೆ, ಕಾಲು ಆ ಕಟ್ಟೆಗೆ. ಎದೆಯ ಮೇಲೆ ಮಗು, ಗಾಢ ನಿದ್ದೆಯಲ್ಲಿ. ಅಣ್ಣ ಇಳಿಬಿಟ್ಟು ಮಾಡಿದ್ದ ಕೈಗಳು ಈಗ ಮಗುವನ್ನು ತಬ್ಬಿದ್ದವು.

ಅಣ್ಣ ಇಕ್ಕಳ ತೆಗೆದ. ತಂತಿಗೆ ತಾಗಿಸಿದ್ದೇ ತಡ, ಇಡೀ ಮೈ ತಗ್ಗಿತು... ಕಿರ್ರ್...

"ಕತ್ತರಿಸಬೇಡ," ಪಿಸುಗುಟ್ಟಿದೆ. "ಅವಳನ್ನೇ ಕೇಳು."

"ಏನಂತ ಕೇಳಲಿ?"

"ಹೆಂಗಸರ ಕೈಯಿಂದ ಮಗು ಇಸ್ಕೊಳ್ಳೋದನ್ನೂ ನಾನೇ ಹೇಳಿಕೊಡಬೇಕಾ?"

ಇಕ್ಕಳ ಕೆಳಗಿಟ್ಟ. ಎರಡೂ ಕೈ ಚಾಚಿದ. "ಕೊಡಮ್ಮಾ..."

ಟಿಕ್... ಟಿಕ್... ಕೈಗಳು ತಾವಾಗಿಯೇ ಸಡಿಲವಾದವು. ಅಣ್ಣ ಮಗುವನ್ನು ಬಾಚಿಕೊಂಡ. ಜಾಲರಿ ಮಡಚಿಕೊಂಡು ಒಳಕ್ಕೆ ಜಾರಿತು. ಕಿವಿಗೊಟ್ಟು ನಿಂತೆವು... ನೀರಿನ ಸದ್ದು ಬರಲೇ ಇಲ್ಲ.

ಬೆಳಗಾಗುವುದರೊಳಗೆ ಬಾವಿಗೆ ಹೊಸ ಜಾಲರಿ ಬಿತ್ತು. ಪ್ರದರ್ಶನಕ್ಕೆ ಅಣ್ಣ ಹೋಗಲಿಲ್ಲ.

ನಂಬಿದರೆ ನಂಬಿ, ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ಮಗುವಿನ ಬಟ್ಟೆ ಒಣಗಿಯೇ ಇತ್ತು. ತಲೆ ಮಾತ್ರ ಒದ್ದೆ. ಆ ಒದ್ದೆ ಕೂದಲಿಗೆ ಯಾರೋ ಬಿಗಿಯಾಗಿ ಎರಡು ಜಡೆ ಹೆಣೆದಿದ್ದರು. ಬಿಚ್ಚಿದ್ದು ನಾನೇ, ಈ ಕೈಯಲ್ಲೇ.