ಹೆಸರಿಡದ ವಾಲ್ಯೂಮ್

...ಇಲ್ರಿ ವೈನಿ, ಕುಂದ್ರಿ ನೀವು. ಸಿಗ್ತದ. ಸಿಗದೇ ಎಲ್ಲಿ ಹೋಗ್ತದ? ಕಂಪ್ಯೂಟರ್ ಇಲ್ಲೇ ಅದ, ನಿಮ್ಮ ಮೈದುನ ನಾ ಇಲ್ಲೇ ಇದ್ದೀನಿ. ಶಹಾಬಾದ ಬಿಟ್ಟು ಓಡಿ ಹೋಗೋದೇನದು?

ಚಾ ಬ್ಯಾಡೇನು? ಆತ್ ಬಿಡ್ರಿ.

ನೋಡ್ರಿ, 'ಡಾಕರ್ ವಾಲ್ಯೂಮ್ ಎಲ್‌ಎಸ್' ಅಂತ ಕಮಾಂಡ್ ಹೊಡದ್ರ ಎಲ್ಲಾ ವಾಲ್ಯೂಮ್ ಸಾಲಾಗಿ ಬರ್ತಾವ. ಅಣ್ಣಾನೇ ಕಲಿಸಿದ್ದು ನಮ್ಮಿಬ್ಬರಿಗೂ. ಕಂಟೇನರ್ ಅಂದ್ರ ಸಾಫ್ಟ್‌ವೇರ್ ಓಡೋ ಡಬ್ಬಿ, ವಾಲ್ಯೂಮ್ ಅಂದ್ರ ಮಾಲಿಡೋ ಗೋದಾಮು, ಡಬ್ಬಿ ತಗದು ಒಗದ್ರೂ ಗೋದಾಮಿನಾಗ ಇಟ್ಟ ಮಾಲು ಹಂಗೇ ಉಳೀತದ ಅಂತಿದ್ದ. ಅದಕ್ಕೇ ಅಲ್ಲೇನ್ರಿ, ಅಣ್ಣ ಸಾಯೋಕಿಂತ ಮುಂಚೆ ದವಾಖಾನ್ಯಾಗ ಮಲಕೊಂಡು ಸುಶ್ಮಿತಾಗ ಹೇಳಿದ ಕಥಿ ಎಲ್ಲಾ ನೀವು ಇದರಾಗ ಇಟ್ಟದ್ದು? ಕೂಸಿಗಿ ಅಪ್ಪನ ದನಿ ಉಳೀಲಿ ಅಂತ. ರೆಕಾರ್ಡ್ ಮಾಡಿದ ಫೋನಂತೂ ಕೆಟ್ಟೇ ಹೋತು.

ಇದಾ? ಅಲ್ರಿ, ಇದು ನಮ್ಮ ಗಿರಾಕಿ ಮುಕ್ರಮನ ದುಕಾನದ ಬಿಲ್ಲಿಂದು. ಅದು ನಾಲವಾರದವರ ಮದವಿ ಫೋಟೊ. ತಡೀರಿ, ಫಿಲ್ಟರ್ ಹಾಕ್ತೀನಿ. ಯಾವ ಕಂಟೇನರಿಗೂ ಅಂಟದೇ ಅನಾಥ ಬಿದ್ದದ್ದಷ್ಟೇ ತೋರ್ಸು ಅಂದ್ರ... ಏನೂ ಬರವಲ್ದು. ಮತ್ತೊಮ್ಮಿ ಹೊಡೀತೀನಿ.

ಯಾಕ ಬೆರಳು ತೋರಿಸ್ತೀರಿ? ಹೌದು, ಮೊದ್ಲು ಹೊಡದದ್ದೇ ಮತ್ತ ಹೊಡ್ದೆ.

ನಿಮ್ದೂ ತಪ್ಪದರಿ ವೈನಿ. ವಾಲ್ಯೂಮಿಗಿ ಅಣ್ಣನ ಹೆಸರಿಡ್ರಿ ಅಂತ ಅವತ್ತೇ ಬಡ್ಕೊಂಡೆ. ಗಂಡನ ಹೆಸರು ಬಾಯಾಗ ತರಬಾರ್ದು, ಖರೆ. ಬೆರಳಿಗೂ ಮಡಿ ಏನ್ರಿ? ಡಿಗ್ರಿ ಓದಿದವರು ನೀವು, ಹೆಸರಿನ ಜಾಗ ಖಾಲಿ ಬಿಟ್ರಿ. ಖಾಲಿ ಬಿಟ್ರ ಮಷೀನ್ ತಾನೇ ಮಾರುದ್ದ ಅಂಕಿ ಅಕ್ಷರ ಹಚ್ತದ. ಅಂಥಾವು ಭಾಳ ಇರ್ತಾವ. ಅದರಾಗ ಯಾವುದು ನಮ್ದು, ಯಾವುದು ಕಸ, ಯಾರಿಗಿ ತಿಳೀಬೇಕು...

ಕಸ ಅಂತ ಯಾಕಂದೆ? ಸುಮ್ನ ಅಂದೆ. ಬಾಯಿಗಿ ಬಂತು.

ಹಂಗ ನೋಡಬ್ಯಾಡ್ರಿ. ಸ್ಕ್ರೀನ್ ನೋಡ್ರಿ, ನನ್ನ ಮಾರಿ ಏನ್ ನೋಡ್ತೀರಿ? ಬೈರಿ ಬೇಕಾದ್ರ.

ಏನ್ ಮಾಡ್ಲಿಕತ್ತೀರಿ? ಕೀಬೋರ್ಡ್ ಇಲ್ಲಿ ಕೊಡ್ರಿ. ಹೆಸರಿನ ಫಿಲ್ಟರ್ ಯಾಕ... ಶಂ... ಕ... ಬ್ಯಾಡ್ರಿ ವೈನಿ. ಇಷ್ಟು ವರ್ಷ ಬರೀಲಾರದ ಹೆಸರು ಈಗ ಬರೀಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ. ಇದರಾಗ ಏನೂ ಉಳಿದಿಲ್ಲ. ಡಿಸ್ಕ್ ತುಂಬಿತ್ತರಿ. ಕಥಿ ವಾಲ್ಯೂಮ್ ಅಂಟಿದ್ದ ಹಳೀ ಕಂಟೇನರ್ ನಾನೇ ತಗದಿದ್ದೆ, ಅದು ಅನಾಥ ಆತು. ಹೆಸರಿಲ್ಲದೇ ಅನಾಥ ಬಿದ್ದದ್ದು ಅಳಿಸು ಅಂತ ನಿನ್ನಿ ನಾನೇ ಹೊಡ್ದೆ. ಹೆಸರಿದ್ದದ್ದು ಒಂದನ್ನೂ ಅದು ಮುಟ್ಟಿಲ್ರಿ.