ಸ್ನೇಹಲ್ ಇನ್ನೂ ಡ್ಯೂಟಿಯಲ್ಲಿದ್ದಾಳೆ

ಹಲೋ... ಹಲೋ, ಯಾರು ಮಾತಾಡೋದು? ಕಾಶವ್ವ ಕಾಕೂ ಏನ್ರಿ? ... ನಾನ್ರಿ, ಸಪ್ನಾ. ನಿಮ್ಮ ಸ್ನೇಹಲ್ ಜೋಡಿ ಕಾಲ್ ಸೆಂಟರಿನ್ಯಾಗ ಇದ್ದೆನಲ್ಲ, ಅಕಿ ಬಾಜೂ ಖುರ್ಚಿ. ... ಹಾಂ, ಅದ ಸಪ್ನಾ. ದಪ್ಪ ಚಷ್ಮಾದಾಕಿ.

...

ಯಾಕ್ರಿ, ಇಷ್ಟು ಸಣ್ಣ ದನಿ ಮಾಡಿ ಮಾತಾಡ್ತೀರಿ? ಯಾರರ ಮಲಗ್ಯಾರೇನು? ... ಇನ್ನೊಂದು ಫೋನ್ ಚಾಲೂ ಅದ? ಅದರಾಗ ಯಾರು? ... ಕಾಕೂ, ಏನಂದ್ರಿ? ಸ್ನೇಹಲ್?

...

ಇಲ್ಲ ಇಲ್ಲ, ಅಳಾಕತ್ತಿಲ್ಲ. ಸದಾಶಿವ ಪೇಠದಾಗ ಈಗ ಕ್ಲಾಸ್ ಬಿಟ್ಟಾವು, ರಿಕ್ಷಾ ಗದ್ದಲ. ಕಿಟಕಿ ಮುಚ್ಚತೀನಿ, ತಡೀರಿ. ... ಹಾಂ, ಈಗ ಹೇಳ್ರಿ. ನಾವು ರೂಮ್ ಬುಕಿಂಗ್ ತಗೋತಿದ್ದೆವಲ್ಲ, ಹೊಟೇಲಿನವರ ಆ ನಂಬರಿಗೆ ಹಚ್ಚೀರಿ, ಹೌದಲ್ಲ? ಸ್ವಪ್ನಿಲ್ ಹಚ್ಚಿಕೊಟ್ನಾ, ಅಕಿ ಅಣ್ಣ? ... ದಿನಾ? ದಿನಾ ಹಚ್ತೀರಿ? ಅಷ್ಟೂ ಹೊತ್ತು ಏನು ಮಾತಾಡ್ತೀರಿ?

...

ಅಕಿ ಇಂಗ್ಲಿಷಿನ್ಯಾಗ ಯಾವ ದಿವಸಕ್ಕ ರೂಮ್ ಬೇಕು ಅಂತ ಕೇಳ್ತಾಳ. ನೀವು ಕನ್ನಡದಾಗ ಊಟ ಆತೇನವಾ ಅಂತೀರಿ. ... ಹಾಂ. ಹಾಂ. ... ಹೌದ್ರಿ, ದನಿ ಅಕಿದ. ಹೆಸರು ಗ್ರೇಸ್ ಅಂತ ಹೇಳ್ತದ, ಆದ್ರ ದನಿ ಅಕಿದ. ನನಗ ಗುರುತು ಸಿಗೂದಿಲ್ಲೇನು?

...

ಆದ್ರ ಅದು ಅಕಿ ಅಲ್ರಿ. ನಿಮಗೂ ಗೊತ್ತದ. ಹೋದ ಶ್ರಾವಣದಾಗ ಅಕಿನ್ನ ವೈಕುಂಠ ಸ್ಮಶಾನಕ್ಕ ಒಯ್ದಾಗ ನಾನೂ ಬಂದಿದ್ದೆ. ನಿಮ್ಮ ಮಗ್ಗಲದಾಗ ನಿಂತಿದ್ದೆ.

...

ಸಿಟ್ಟಾಗಬ್ಯಾಡ್ರಿ. ಅದು ಹ್ಯಾಂಗ ಆತು ಅಂತ ಹೇಳ್ತೀನಿ. ಅಕಿಗೆ ಜ್ವರ ಬಂದಾಗ ರಜಾ ಕೇಳಿದ್ಳು, ಕೊಡ್ಲಿಲ್ಲ. ಕಾಲ್ ತಗೋಬ್ಯಾಡ, ಮೈಕ್ ಮುಂದ ಕುಂತು ಓದು ಸಾಕು ಅಂತ ಗಾಜಿನ ಖೋಲ್ಯಾಗ ಕೂಡ್ರಿಸಿದ್ರು. ಹೊಸಾ ಹುಡುಗ್ಯಾರಿಗೆ ಕಲಿಸಾಕ ಬೇಕು ಅಂದ್ರು. ಅಕಿ ನಂಬಿದ್ಳು, ನಾವೂ ನಂಬಿದ್ವಿ. ದಿನಾ ಓದಿದ್ಳು. ಆಮ್ಯಾಲ ದವಾಖಾನಿ, ಮುಂದಿಂದು ನಿಮಗ ಗೊತ್ತದ. ... ಹುಡುಗ್ಯಾರಿಗಲ್ರಿ, ಮಷಿನ್‌ಗೆ ಕಲಿಸಿದ್ರು. ಅಕಿ ಹೋದಮ್ಯಾಲ ಆ ಮಷಿನ್ ಅಕಿ ದನಿಲೆ ಫೋನ್ ಎತ್ತಾಕ ಸುರು ಮಾಡ್ತು. ನಮ್ಮ ಸಾಲಿನವರನ್ನೆಲ್ಲಾ ಮನಿಗೆ ಕಳಿಸಿದ್ರು. ನಮ್ಮೆಲ್ಲಾರ ಕೆಲಸಾ ಈಗ ಅಕಿ ಒಬ್ಬಾಕಿನ ಮಾಡ್ತಾಳ ಕಾಕೂ. ಊಟಿಲ್ಲ, ನಿದ್ದಿಲ್ಲ.

...

ಸುಖೇಶ್ ಸರ್? ನಮ್ಮ ಮ್ಯಾನೇಜರ್? ನಿಮ್ಮ ಮನಿಗೆ ಬಂದಿದ್ರಾ? ... ಲೋಣಾವಳಾ ಚಿಕ್ಕಿ. ಸತ್ತವರ ಮನಿಗೆ ಚಿಕ್ಕಿ ಡಬ್ಬಿ ಯಾರು ತರ್ತಾರ್ರಿ? ... ಅಪ್ಪಾಸಾಹೇಬ ಕಾಕಾ ತಿಂದ್ರಾ, ಸ್ನೇಹಲ್ ಅಪ್ಪ? ತಿನ್ಲಿ ಬಿಡ್ರಿ. ಚಿಕ್ಕಿದೇನು ತಪ್ಪು. ... ಏನಂದ್ರು ಸರ್? ನಿಮ್ಮ ಮಗಳು ಇನ್ನೂ ನಮ್ಮ ಜೋಡಿನ ಅದಾಳ ಅಂದ್ರಾ... ಹಂಗಂದ್ರಾ.

...

ಕಾಕೂ, ಕೇಳ್ರಿ. ಆ ಹೊರದೇಶದ ಹೊಟೇಲಿನವರಿಗೆ ನಾವು ಹುಡುಗ್ಯಾರೆಲ್ಲಾ ಸೇರಿ ತಿಳಿಸಿದ್ವಿ. ಅವರು ಒಂದ ಮಾತು ಹೇಳ್ಯಾರ. ಸತ್ತಾಕಿ ದನಿ ಅಕಿ ತಾಯಿದು, ತಾಯಿ ಬ್ಯಾಡ ಅಂದ್ರ ತಗೀತೀವಿ ಅಂತ. ನಾ ಅಂದ್ರ ಆಗೂದಿಲ್ಲ. ನೀವ ಅನಬೇಕು, ನಿಮ್ಮ ಬಾಯಿಲೆ. ಇವತ್ತ ಸಂಜಿ ಒಳಗ ಕಳಿಸಬೇಕು. ನಾ ಇಲ್ಲಿ ರೆಕಾರ್ಡ್ ಮಾಡ್ಕೋತೀನಿ.

...

ಹೌದು. ನಿಮ್ಮ ದನೀನೂ ತಗೋಬೇಕಾಗ್ತದ. ... ಇಲ್ರಿ, ಬ್ಯಾರೆ ಏನೂ ಮಾಡೂದಿಲ್ಲ. ... ಅಕಿಗೂ ಹಿಂಗ ಹೇಳಿದ್ರು. ಹೌದು, ಹಿಂಗ ಹೇಳಿದ್ರು. ನಂಬ್ರಿ ಅನ್ನಾಕ ನನಗ ಬಾಯಿ ಬರವಲ್ದು.

...

ತಗದ ಮ್ಯಾಲಾ? ... ಆಮ್ಯಾಲ ಆ ನಂಬರಿಗೆ ಹಚ್ಚಿದ್ರ ಬ್ಯಾರೆ ಯಾರರ ಎತ್ತತಾರ. ಅಕಿ ಎಲ್ಲೂ ಇರೂದಿಲ್ಲ. ನಿಮಗ ಸುಳ್ಳು ಹೇಳೂದಿಲ್ಲ ನಾನು. ... ನನ್ನ ನೌಕರಿ? ಅದು ತಿರುಗಿ ಸಿಗ್ತದೋ ಇಲ್ಲೋ, ಗೊತ್ತಿಲ್ಲ. ... ಮತ್ತ ಯಾಕ ಅಂದ್ರ... ಈಗ ಆ ಗಾಜಿನ ಖೋಲ್ಯಾಗ ಪ್ರಣೀತಾ ಕುಂತಾಳ. ಉಡುಪಿ ಕಡೀ ಹುಡುಗಿ, ಬಸರಿ. ನಾ ಅಕಿನ್ನ ಗೇಟಿನ್ಯಾಗ ನಿಲ್ಲಿಸಿ ಎಲ್ಲಾ ಬಿಡಿಸಿ ಹೇಳಿದೆ. ಒಲ್ಲೆ ಅಂದ್ರ ನಾಳಿಂದ ಬರಬ್ಯಾಡ ಅಂತಾರಲ್ಲ ಅಂದ್ಳು. ಅಂದು, ಹೋಗಿ ಕುಂತ್ಳು. ಒಬ್ಬ ತಾಯಿ ಬ್ಯಾಡ ಅಂದ್ರ, ಮುಂದಿನವರನ್ನೂ ಕೇಳೇ ತಗೋಬೇಕಾಗ್ತದ. ಅದಕ್ಕ.

...

ಹ್ಞೂಂ... ನಿಮ್ಮ ಕಿವಿಗೂ ಬಿದ್ದದ. ನಾ ಹೇಳಬಾರ್ದು ಅಂತಿದ್ದೆ. ಉದ್ದ ಮಾತು ಬಂದ್ರ ನಡುವ ಉಸುರು ಹಿಡೀತದ, ಅಲ್ಲೇನ್ರಿ? ... ಇನ್ನೂ ಆರಾಮ ಆಗಿಲ್ಲೇನು ಅಂತ ಕೇಳ್ತೀರಿ. ಏನು ಹೇಳ್ಲಿ? ಅದನ್ನ ಜ್ವರದಾಗ ಓದ್ಯಾಳ್ರಿ. ಕೆಮ್ಮು ಕತ್ತರಿಸ್ಯಾರ, ಉಸುರು ಕತ್ತರಿಸಾಕ ಬಂದಿಲ್ಲ. ಆ ದನ್ಯಾಗ ಅಕಿಗೆ ಎಂದೂ ಜ್ವರ ಬಿಡೂದಿಲ್ಲ.

...

ಕಾಕೂ? ... ಅದೀರಿ? ... ಅಳ್ರಿ. ನಾ ಎಲ್ಲೂ ಹೋಗೂದಿಲ್ಲ.

...

ಖರೇನ? ಬ್ಯಾಡ ಅಂತೀರಿ? ... ಯಾರ ಒತ್ತಾಯನೂ ಇಲ್ಲ ಅಂತನೂ ಹೇಳಬೇಕ್ರಿ. ... ನಾ ಒತ್ತಾಯ ಮಾಡೀನೇನು? ... ಹಂಗಿದ್ರ ಹೇಳಿಬಿಡ್ರಿ ಕಾಕೂ. ... ಆತು. ಆತು. ರೆಕಾರ್ಡ್ ಚಾಲೂ ಮಾಡೀನಿ. ಹೇಳ್ರಿ.

...

ಇಲ್ರಿ, ಅಕಿಗಲ್ಲ. ನನಗ ಹೇಳ್ರಿ. ... ನೀವು ಕನ್ನಡದಾಗ ಸಾಕವಾ, ಮನಿಗೆ ಬಾ ಅಂದ್ರ ಅಕಿಗೆ ಹ್ಯಾಂಗ ತಿಳೀಬೇಕು? ... ಹಾಂ, ನನಗೂ ಕೇಳಿಸ್ತು. ಸಾರಿ ಅಂದ್ಳು. ... ಬೈದ್ರೂ ಸಾರಿನ ಅಂತಾಳ. ... ಹೌದಾ, ನಿಮ್ಮ ಜೋಡಿ ಭಾಳ ಜಗಳಾಡ್ತಿದ್ಳಾ? ಸಿಟ್ಟು ಬಂದ್ರ ನಡುವನ ಫೋನ್ ಇಟ್ಟಬಿಡತಿದ್ಳಾ? ... ಇಲ್ಲ, ಇಕಿ ಹಂಗ ಇಡೂದಿಲ್ಲ. ನಮಗೆಲ್ಲಾ ಹಂಗ ಕಲಿಸಿದ್ರು. ಗಿರಾಕಿ ಇಡೂತನಕ ನಾವು ಇಡಬಾರ್ದು. ನೀವ ಇಡಬೇಕು.

...

ನನಗ ಗೊತ್ತದ. ಗೊತ್ತದ ಕಾಕೂ. ಅದನ್ನ ಇಟ್ಟು, ಆಮ್ಯಾಲ ನನ್ನ ಜೋಡಿ ಎರಡು ಮಾತು. ಅಷ್ಟ. ... ಗುಂಡಿ ಸಿಗದಿದ್ರ ಕಾಕಾನ್ನ ಕರೀರಿ. ... ಬ್ಯಾಡಾ? ಆತು, ನೀವ ಇಡ್ರಿ. ... ಹಾಂ, ಕೆಂಪು ಗುಂಡಿ. ... ಹಾಂ, ಒತ್ತರಿ...

ಕಾಕೂ, ಸಪ್ಪಳ ನನ್ನ ಕಿವ್ಯಾಗ ಬಂತು, ಅದು ನನ್ನ ಫೋನ್... ಆ ಇನ್ನೊಂದು ಫೋನ್ ರಿ. ಇದಲ್ಲ, ಇದ—