ಬೀಗರು ನೋಡಿದ ಸಂಬಂಧಗಳು

ಬಂದಿರೋ ಹಿರಿಯರಿಗೆಲ್ಲ ನಮಸ್ಕಾರ. ಮುಂದಿನ ಸಾಲಲ್ಲಿ ಕೂತಿರೋ ಅಮ್ಮನವರಿಗೆ, ಅವರ ಮಗಳು ನಮ್ಮ ಅಕ್ಕನಿಗೆ, ನಿರ್ದೇಶಕರಿಗೆ, ಮ್ಯೂಸಿಯಂನಲ್ಲಿ ನನ್ನ ಜೊತೆ ದುಡಿಯೋ ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬಡಗಿ. ವಸ್ತುಗಳಿಗೆ ಪೆಟ್ಟಿಗೆ, ಸ್ಟ್ಯಾಂಡು ಮಾಡೋನು. ಮಾತಾಡುವಾಗ ನನ್ನ ಕೈ ಸುಮ್ಮನಿರಲ್ಲ, ಮೈಕಿಗೆ ತಾಗಿದ್ರೆ ಬೇಜಾರು ಮಾಡ್ಕೋಬೇಡಿ.

ನಮ್ಮನ್ನ ಅಗಲಿದವರು ಸ್ಟೋರ್ ರೂಮಿನ ಮುಖ್ಯಸ್ಥರು. ಹಾಗಂದ್ರೆ ಇಲ್ಲಿ ಅರ್ಧ ಜನಕ್ಕೆ ಯಾರು ಅಂತಾನೇ ಗೊತ್ತಾಗಲ್ಲ. ಬೀಗರು — ಅಂದ್ರೆ ಗೊತ್ತಾಗುತ್ತೆ. ಸ್ಟೋರಿನ ಬೀಗ ಅವರ ಕೈಯಲ್ಲಿತ್ತು, ಅದಕ್ಕೆ ಬೀಗರು. ಅವರ ಮನೆಯವರು, ನಮ್ಮ ಅಮ್ಮನವರು, ಒಂದ್ಸಲ ಊಟದ ಡಬ್ಬಿ ಕೊಡೋಕೆ ಬಂದಾಗ ಹೇಳಿದ್ರು, ಕಟ್ಟಡದ ತುಂಬ ಇವರನ್ನ ಬೀಗರು ಬೀಗರು ಅಂತಾರೆ, ನಮ್ಮ ಮಗಳಿಗೆ ಮಾತ್ರ ಇನ್ನೂ ಗಂಡು ಸಿಕ್ಕಿಲ್ಲ ಅಂತ. ನಗಿ ಅಕ್ಕ. ಇವತ್ತೂ ನಗಬಹುದು, ಅವರೇನೂ ಅಂದ್ಕೊಳ್ಳಲ್ಲ.

ಆದ್ರೆ ಆ ಹೆಸರು ಅವರಿಗೆ ಒಪ್ಪಿದ್ದು ಬೇರೆ ಕಾರಣಕ್ಕೆ. ಅವರು ನಿಜವಾಗ್ಲೂ ಸಂಬಂಧ ನೋಡ್ತಿದ್ರು. ಯಾವ ವಸ್ತು ಪಕ್ಕ ಯಾವ ವಸ್ತು ಇರಬಹುದು, ಯಾವುದು ಇರಬಾರದು — ಅದು ಅವರ ಲೋಕ. ಹೊಸದೊಂದು ಬಂತು ಅಂದ್ರೆ ನಾವೆಲ್ಲ ಕೇಳೋದು, ಎಷ್ಟು ಹಳೇದು ಅಂತ. ಬೀಗರು ಕೇಳೋದು ಒಂದೇ — “ಇದಕ್ಕೆ ಏನು ಆಗಿಬರಲ್ಲ?”

ರೇಷ್ಮೆಗೆ ಬೆಳಕು ಆಗಿಬರಲ್ಲ. ಮೇಣದ ಗೊಂಬೆಗೆ ಸೆಕೆ ಆಗಿಬರಲ್ಲ. ಚಿಪ್ಪಿನ ಹಾರಕ್ಕೆ ಮರದ ಬೀರು ಆಗಿಬರಲ್ಲ. ಮರ ಹುಳಿ ಗಾಳಿ ಬಿಡುತ್ತಂತೆ, ಮುಚ್ಚಿದ ಬೀರುವಲ್ಲಿ ಅದು ತಾಗಿ ತಾಗಿ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುತ್ತಂತೆ. ನಾನು ಮರದವನು, ನಂಗೆ ಸಿಟ್ಟು ಬಂತು. ತಪ್ಪನ್ನ ಮರದ ಮೇಲೆ ಯಾಕೆ ಹಾಕ್ತೀರಿ ಅಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು — ಹೀಗೆ — “ನಿಮ್ಮ ಕಡೆಯವರಿಗೆ ಬಾಯಿ ಸ್ವಲ್ಪ ಜಾಸ್ತಿ ಕಣಯ್ಯ” ಅಂದ್ರು.

ಇದನ್ನೆಲ್ಲ ಅವರು ಕಲಿತಿದ್ದು ಒಂದು ತಪ್ಪಿನಿಂದ. ಅವರೇ ಎಲ್ಲರ ಮುಂದೆ ಹೇಳ್ಕೊಂಡು ನಗ್ತಿದ್ದ ತಪ್ಪು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿ ತನ್ನ ತಾಯಿಯ ಬೆಳ್ಳಿ ಬಾಚಣಿಗೆ, ಉಣ್ಣೆ ಶಾಲು ಎರಡನ್ನೂ ಕೊಟ್ಟು, ಇವನ್ನ ದೂರ ಮಾಡಬೇಡಪ್ಪ ಅಂದ್ರಂತೆ. ಬೀಗರು ಖುಷಿಯಿಂದ ಶಾಲು ಮಡಚಿ, ಅದರ ಮಧ್ಯೆ ಬಾಚಣಿಗೆ ಮಲಗಿಸಿದ್ರು. ಒಂದೇ ಮನೆಯವರು, ಬೆಚ್ಚಗಿರ್ಲಿ ಅಂತ. ಮುಂದೆ ಯಾವಾಗ್ಲೋ ತೆಗೆದು ನೋಡಿದ್ರೆ ಬಾಚಣಿಗೆ ಇದ್ದಿಲಿನ ಥರ ಕಪ್ಪು. ಉಣ್ಣೆಗೂ ಬೆಳ್ಳಿಗೂ ಆಗಿಬರಲ್ಲ, ಯಾರಿಗೆ ಗೊತ್ತಿತ್ತು? ಈಗ ಎರಡೂ ಬೇರೆ ಬೇರೆ ಗಾಜಿನ ಪೆಟ್ಟಿಗೆಯಲ್ಲಿವೆ — ಆದ್ರೆ ಎದುರುಬದುರು. ಅಜ್ಜಿ ದೂರ ಮಾಡಬೇಡ ಅಂದಿದ್ರಲ್ಲ, ಒಬ್ಬರನ್ನೊಬ್ಬರು ನೋಡ್ಕೊಂಡಿರ್ಲಿ ಅಂತ.

ಆ ‘ಎದುರುಬದುರು’ ಅನ್ನೋದರಿಂದಲೇ ಬೇರೆ ಬೇರೆ ಜಾತಿಯ ವಸ್ತುಗಳು ಜೊತೆಗಿರೋ ಈ ಹೊಸ ಹಾಲ್ ಹುಟ್ಟಿದ್ದು. ನನ್ನ ಬೆನ್ನ ಹಿಂದೆ ಮುಚ್ಚಿದೆಯಲ್ಲ, ಈ ಬಾಗಿಲ ಒಳಗಡೆ. ನಿರ್ದೇಶಕರು ಮೊದಲು ಒಪ್ಪಲಿಲ್ಲ. ಚಿತ್ರ ಒಂದು ಕಡೆ, ಲೋಹ ಒಂದು ಕಡೆ, ಬಟ್ಟೆ ಒಂದು ಕಡೆ ಇದ್ರೆ ಕಾಯೋಕೆ ಸುಲಭ ಅಂದ್ರು. ಸರಿಯಾದ ಮಾತೇ. ಅದಕ್ಕೆ ಬೀಗರು, “ಸಾರ್, ಅಣ್ಣತಮ್ಮಂದಿರನ್ನೇ ಒಂದು ರೂಮಲ್ಲಿ ಕೂಡಿಹಾಕಿದ್ರೆ ಮಾತುಕತೆ ಏನು ಹುಟ್ಟುತ್ತೆ?” ಅಂದ್ರು. ಸಾರ್ ನಕ್ಕುಬಿಟ್ರು. ಅಲ್ಲಿಗೆ ಕೆಲಸ ಶುರುವಾಯ್ತು.

ಒಳಗೆ ಏನೇನಿದೆ ಗೊತ್ತಾ? ಆಳೆತ್ತರದ ಕಲ್ಲಿನ ತಲೆ — ಅದರ ಮುಂದೆ ಹುಲ್ಲಲ್ಲಿ ಹೆಣೆದ ಒಂದು ಹಕ್ಕಿ, ಉಫ್ ಅಂದ್ರೆ ಹಾರಿಹೋಗೋ ಥರ. ಸೈಕಲ್ ಟೈರ್ ಕತ್ತರಿಸಿ ಮಾಡಿದ ಕುದುರೆ ಇದೆ, ಬೆಳ್ಳಿಯಿಂದ ಆದಷ್ಟು ದೂರದಲ್ಲಿ — ರಬ್ಬರ್ ಹತ್ರ ಇದ್ರೂ ಬೆಳ್ಳಿ ಕಪ್ಪಾಗುತ್ತಂತೆ, ಅವರಿಬ್ಬರಿಗೂ ಜಗಳ. ನೀಲಿ ಸೀರೆ ಉಟ್ಟ ಹೆಂಗಸಿನ ಚಿತ್ರ ಇದೆ. ಆ ನೀಲಿ ಒಂದು ಕಲ್ಲು ಅರೆದು ಮಾಡಿದ ಬಣ್ಣವಂತೆ. ಬೀಗರು ಏನು ಮಾಡಿದ್ರು — ಅದೇ ಜಾತಿಯ ಕಲ್ಲು ಹುಡುಕಿ ತಂದು ಚಿತ್ರದ ಕೆಳಗೇ ಇಟ್ರು! ಮೊದಲು ಕಲ್ಲು ನೋಡ್ತೀರಿ, ಆಮೇಲೆ ಸೀರೆ ನೋಡ್ತೀರಿ, ಮತ್ತೆ ಕಲ್ಲು ನೋಡ್ತೀರಿ. ನಾನು ಎಷ್ಟು ಸಲ ನೋಡಿದೀನೋ. ಸ್ಟ್ಯಾಂಡಿಗೆ ಪಾಲಿಶ್ ಮಾಡೋದು ಬಿಟ್ಟು ನೋಡ್ತಾ ನಿಂತು ಬೈಸ್ಕೊಂಡಿದೀನಿ.

ಹಾಲ್ ತೆರೆಯೋ ಹೊತ್ತಿಗೆ ಸರಿಯಾಗಿ ಅವರ ಎದೆ ಕೈಕೊಡ್ತು.

ಈಗ ಕಮಿಟಿಯವರು ಏನಂತಾರೆ ಅಂದ್ರೆ, ನೋಡ್ಕೊಳ್ಳೋರು ಇಲ್ಲ, ಎಲ್ಲ ವಾಪಸ್ ಪೆಟ್ಟಿಗೆಗೆ ಹೋಗ್ಲಿ. ಅವರ ಭಯ ಸುಳ್ಳಲ್ಲ. ಒಂದು ಶಾಲಿಗೆ ಹುಳ ಬಿದ್ರೆ ಇನ್ನೊಂದು ಶಾಲು ಅಂಗಡಿಯಲ್ಲಿ ಸಿಗಲ್ಲ. ಆದ್ರೆ ಆ ಪೆಟ್ಟಿಗೆ ಮಾಡಬೇಕಾದವನು ನಾನು. ಹೇಳಿ ಎಷ್ಟೋ ದಿನ ಆಯ್ತು, ಇನ್ನೂ ಒಂದು ಮೊಳೆ ಹೊಡೆದಿಲ್ಲ. ಕೈ ಬರ್ತಿಲ್ಲ.

ಸಾರ್, ಎಲ್ಲರ ಮುಂದೆ ಕೇಳ್ತಿದೀನಿ, ತಪ್ಪು ತಿಳ್ಕೋಬೇಡಿ. ಕೆಮಿಸ್ಟ್ ಮೇಡಂ ದಿನಾ ಬೆಳಿಗ್ಗೆ ಒಂದು ಸುತ್ತು ಹೊಡೀತೀನಿ ಅಂದಿದ್ದಾರೆ. ಕಾವಲಿನ ಚಿಕ್ಕಮ್ಮ ತೇವದ ಮೀಟರ್ ನೋಡೋದು ಕಲಿತಿದ್ದಾರೆ, ಕರೆಂಟಿನ ಮಾಮ ದೀಪದ ಜವಾಬ್ದಾರಿ ನಂದು ಅಂದಿದ್ದಾರೆ. ಬೀಗರಿಗೆ ಒಬ್ಬರಿಗೇ ಗೊತ್ತಿದ್ದಿದ್ದು ನಮ್ಮಲ್ಲಿ ತುಂಡು ತುಂಡಾಗಿ ಇದೆ. ಸೇರಿಸಿದ್ರೆ ಸಾಕಾಗುತ್ತೆ. ತೆರೀರಿ ಸಾರ್. ಬೇಸಿಗೆ ಮುಗಿಯೋವರೆಗೆ ನೋಡಿ, ಒಂದಕ್ಕೆ ಏನಾದ್ರೂ ಆದ್ರೆ ನಾನೇ ಪೆಟ್ಟಿಗೆ ಮಾಡ್ತೀನಿ.

...

ಸಾರ್ ತಲೆ ಆಡಿಸಿದ್ರು. ಎಲ್ಲರೂ ನೋಡಿದ್ರಿ ತಾನೆ? ಅಮ್ಮನವರು ನೋಡಿದ್ರು, ನನಗಷ್ಟು ಸಾಕು.

ಹಾಗಾದ್ರೆ ಇನ್ನು ನನ್ನ ಮಾತಿಲ್ಲ. ಎಲ್ಲರೂ ಎದ್ದು ನಿಲ್ಲಿ. ಕೈಲಾಗದ ಹಿರಿಯರು ಕೂತಲ್ಲೇ ಇರಿ. ಅವರಿಗೋಸ್ಕರ ಸ್ವಲ್ಪ ಹೊತ್ತು ಸುಮ್ಮನಿರೋಣ. ಅಳು ಬಂದ್ರೆ ತಡೀಬೇಡಿ, ಇಲ್ಲೇ ಅತ್ತುಬಿಡಿ — ಬಾಗಿಲು ತೆಗೆದ ಮೇಲೆ ಕಣ್ಣು ಬೇಕಾಗುತ್ತೆ.